ತೊಳೆಯದೆ ಬಿಟ್ಟ ಮೂಲೆ

ಫೆಬ್ರವರಿ ೧೧

ಪುಟ್ಟಿ,

ಡಬ್ಬಿಯಲ್ಲಿ ಮೂರು ಬಾಟಲಿ ಇವೆ. ಮೊದಲು ಅವನ್ನು ತೆಗೆದು ಬೆಳಕಿಗಿಡು, ಆಮೇಲೆ ಪತ್ರ ಓದು. ಒಂದು ನಮ್ಮ ನೀರು ಸರಬರಾಜು ಕಚೇರಿಯ ಸೋಸುವ ತೊಟ್ಟಿಯದು. ಇನ್ನೊಂದು ಬಟ್ಟೆ ಗಿರಣಿಯ ಹಿಂದಿನ ಹೊಂಡದ್ದು. ಮೂರನೆಯದು ಡಿಪೋದಲ್ಲಿ ಬಸ್ಸು ತೊಳೆಯುವ ಜಾಗದ್ದು. ಐಸ್ ಫ್ಯಾಕ್ಟರಿಯದು ಸಿಗಲಿಲ್ಲ. ಆ ತೊಟ್ಟಿಯನ್ನು ಈಗ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಉಜ್ಜಿ ನೆಕ್ಕಿದ ತಟ್ಟೆಯ ಹಾಗೆ ಮಾಡಿಟ್ಟಿದ್ದಾರೆ. ಅಲ್ಲಿ ಸಿಕ್ಕ ನಮ್ಮ ಎಣ್ಣೆ ಪಾಚಿ ಜಿಡ್ಡಿಗೆ ಬೇರೆಲ್ಲಾದರೂ ಅಕ್ಕತಂಗಿಯರಿದ್ದಾರಾ ಅಂತ ನೀನೇ ನೋಡಿ ಹೇಳಬೇಕು.

ನಿನ್ನ ಫೋಟೊ ಪೇಪರಿನಲ್ಲಿ ಬಂದಾಗಿನಿಂದ ನಿಮ್ಮಣ್ಣ ನೆಲದ ಮೇಲಿಲ್ಲ. ಡೀಸೆಲ್ ಪಂಪ್ ರಿಪೇರಿಗೆ ಅಂತ ಬಂದವರು ಯಾರೂ ಪಾಚಿಯಿಂದ ಎಣ್ಣೆ ತೆಗೆಯೋದು ಹೇಗೆ ಅಂತ ಕೇಳದೆ ಅಂಗಡಿಯಿಂದ ಆಚೆ ಹೋಗುವ ಹಾಗಿಲ್ಲ. "ಹುಡುಕಿದ್ದು ನನ್ನ ಹೆಂಡತಿ, ಬೆಳೆಸಿದ್ದು ನನ್ನ ತಂಗಿ, ಮುಂದೆ ಕುಡಿಯೋದು ನನ್ನ ಎಂಜಿನ್" ಅಂತ ಒಂದು ಮಾತು ಕಟ್ಟಿಕೊಂಡಿದ್ದಾನೆ. ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಾನೆ. ಫೋನಿನಲ್ಲಿ ನಾವು ಮಾತಾಡಲು ಶುರು ಮಾಡಿದರೆ ಪಕ್ಕದಲ್ಲೇ ನಿಂತು ಕಿತ್ತುಕೊಳ್ಳುತ್ತಾನೆ ಅಂತಲೇ ನಾನು ಹೀಗೆ ಬಾಟಲಿಯ ಜೊತೆ ಪತ್ರ ಹಾಕುವುದು.

ಈಗ ವಿಷಯ. ಪೇಪರಿನಲ್ಲಿ ಬಂದಿದ್ದು ಸುದ್ದಿ. ನೀನು ಬರೆದ ಲೇಖನದ ಒಂದು ಪ್ರತಿ ನನಗೆ ಕಳಿಸು. ನನ್ನ ಕಣ್ಣಾರೆ ನೋಡಬೇಕು. ನಮ್ಮ ಪರೀಕ್ಷಾಲಯದಲ್ಲಿರುವ ಆರು ಜನಕ್ಕೂ ಹೇಳಿಬಿಟ್ಟಿದ್ದೇನೆ, ಕೊನೆಯಲ್ಲಾದರೂ ಸಣ್ಣ ಅಕ್ಷರದಲ್ಲಾದರೂ ನನ್ನ ಹೆಸರು ಇರುತ್ತೆ ಅಂತ. ದೊಡ್ಡ ಅಕ್ಷರದ್ದೇನೂ ಬೇಡ. ನನ್ನ ಕನ್ನಡಕದ ನಂಬರ್ ಇನ್ನೂ ಅಷ್ಟೊಂದು ಏರಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ ೩

ಅತ್ತಿಗೆಗೆ ನಮಸ್ಕಾರ.

ಬಾಟಲಿಗಳು ಒಡೆಯದೆ ಬಂದವು. ಡಿಪೋದ್ದರಲ್ಲಿ ಬರೀ ಮಣ್ಣು, ಗ್ರೀಸು. ಗಿರಣಿಯದರಲ್ಲಿ ಬಣ್ಣವೇ ಹೆಚ್ಚು. ನಿಮ್ಮ ಸೋಸುವ ತೊಟ್ಟಿಯದರಲ್ಲಿ ನಾಲ್ಕು ಜಾತಿ ಪಾಚಿ ಇವೆ, ಆದರೆ ಎಲ್ಲವೂ ಸಾಧಾರಣದವು.

ಜಿಡ್ಡಿ ಚೆನ್ನಾಗಿದ್ದಾಳೆ. ಸೋಮಾರಿ ಅಂದರೆ ಸೋಮಾರಿ. ಬೇರೆ ಪಾಚಿಗಳು ದಿನಕ್ಕೊಂದು ಸಲ ಇಮ್ಮಡಿಯಾದರೆ ಇವಳಿಗೆ ಒಂದು ವಾರ ಬೇಕು. ನೀವು ಮೊನ್ನೆ ಫೋನಿನಲ್ಲಿ ಕೇಳಿದ್ದಿರಲ್ಲ, ಎಲ್ಲ ಪಾಚಿಯಲ್ಲೂ ಎಣ್ಣೆ ಇರುತ್ತದೆ ಅಂದಮೇಲೆ ಇವಳದೇನು ವಿಶೇಷ ಅಂತ. ಉಳಿದವು ಎಣ್ಣೆಯನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತವೆ. ನಾವು ಸಾರಜನಕ ಕೊಡದೆ ಉಪವಾಸ ಹಾಕಿದರೆ ಬೆಳೆಯುವುದನ್ನು ನಿಲ್ಲಿಸಿ ಕೊಬ್ಬು ಕೂಡಿಡುತ್ತವೆ. ಅದನ್ನು ತೆಗೆಯಬೇಕಾದರೆ ಜೀವಕೋಶ ಒಡೆಯಬೇಕು. ಜಿಡ್ಡಿ ಹಾಗಲ್ಲ, ತಾನು ಮಾಡಿದ ಎಣ್ಣೆಯನ್ನು ಹೊರಗೆ ತಳ್ಳುತ್ತಾಳೆ. ನೂರಾರು ಕೋಶಗಳು ಆ ಎಣ್ಣೆಯಲ್ಲೇ ಅಂಟಿಕೊಂಡು ದ್ರಾಕ್ಷಿ ಗೊಂಚಲಿನ ಹಾಗೆ ಕೂರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಮೇಲೆ ಮೆಲ್ಲಗೆ ಒತ್ತಿದರೆ ಹನಿ ಹನಿಯಾಗಿ ಹೊರಗೆ ಬರುವುದು ಕಾಣುತ್ತದೆ. ಕೊಲ್ಲದೆ, ಹಾಲು ಕರೆದ ಹಾಗೆ ತೆಗೆಯಬಹುದು. ಅದೂ ಅಡುಗೆ ಎಣ್ಣೆಯ ಜಾತಿಯದಲ್ಲ. ಬರೀ ಇಂಗಾಲ ಮತ್ತು ಜಲಜನಕದ ಉದ್ದನೆಯ ಸರ, ಭೂಮಿಯಿಂದ ತೆಗೆಯುವ ಕಚ್ಚಾ ಎಣ್ಣೆಯ ಹತ್ತಿರದ ನೆಂಟ. ಶುದ್ಧೀಕರಣ ಘಟಕದಲ್ಲಿ ಈಗಿರುವ ಯಂತ್ರದಲ್ಲೇ ಇದನ್ನು ಒಡೆದು ಪೆಟ್ರೋಲು, ಡೀಸೆಲ್ಲು ಮಾಡಬಹುದು. ಅಣ್ಣನಿಗೆ ಹೇಳಿ, ಎಂಜಿನ್ ಬದಲಾಯಿಸಬೇಕಾಗಿಲ್ಲ.

ತೊಂದರೆ ಒಂದೇ. ಗಾಜಿನೊಳಗೆ ರಾಣಿಯ ಹಾಗಿರುವವಳು ಹೊರಗಿನ ಕೊಳಕ್ಕೆ ಹಾಕಿದರೆ ನಾಲ್ಕು ವಾರಕ್ಕೆ ನಾಪತ್ತೆ. ಬೇಗ ಬೆಳೆಯುವ ಪುಂಡ ಪಾಚಿಗಳು ಎಲ್ಲಿಂದಲೋ ಬಂದು ಜಾಗವನ್ನೆಲ್ಲ ಹಿಡಿದುಬಿಡುತ್ತವೆ. ಮೂರು ಸಲ ಹಾಕಿದೆವು, ಮೂರು ಸಲವೂ ಕಳೆದುಕೊಂಡೆವು.

ಲೇಖನದ ಪ್ರತಿಗಳು ಇನ್ನೂ ನನ್ನ ಕೈಗೆ ಬಂದಿಲ್ಲ. ಬಂದಮೇಲೆ ನೋಡೋಣ. ಅದರಲ್ಲಿ ಬರೀ ಕೋಷ್ಟಕಗಳು ಅತ್ತಿಗೆ, ಓದಲು ಬೇಜಾರು. ನಿಮ್ಮ ಬೆನ್ನುನೋವು ಹೇಗಿದೆ? ಮಗಳಿಗೆ ಹೊಸ ಶಾಲೆ ಹಿಡಿಸಿತಾ? ಇಲ್ಲಿ ಸೆಕೆ ಶುರುವಾಗಿದೆ.

ನಿಮ್ಮ ಪುಟ್ಟಿ


ಮಾರ್ಚ್ ೧೯

ಪುಟ್ಟಿ,

ಎರಡು ಹಾಳೆ ತುಂಬ ಪಾಚಿಯ ಪಾಠ ಹೇಳಿ ಕೊನೆಗೆ ನನ್ನ ಬೆನ್ನುನೋವು ಕೇಳಿದ್ದೀಯ. ನನಗೆ ಕೋಷ್ಟಕ ಓದಲು ಬರಲ್ಲ ಅಂತ ಯಾರು ಹೇಳಿದರು ನಿನಗೆ? ಹನ್ನೊಂದು ವರ್ಷದಿಂದ ಕೋಷ್ಟಕ ತುಂಬಿಸಿಯೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಮರೆತಿದ್ದರೆ ನೆನಪಿಸುತ್ತೇನೆ, ಕೊನೆಯ ಪರೀಕ್ಷೆಯಲ್ಲಿ ನಿನಗಿಂತ ನನಗೆ ಎರಡು ಅಂಕ ಜಾಸ್ತಿ ಬಂದಿತ್ತು. ಆ ಸಂಶೋಧನೆಯ ಸೀಟು ಮೊದಲು ಬಂದಿದ್ದೂ ನನ್ನ ಬಾಗಿಲಿಗೇ. ನನ್ನ ಹೊಟ್ಟೆಯಲ್ಲಿ ಮಗಳಿದ್ದಳು, ಬಿಟ್ಟೆ. ಅದು ನಿನಗೆ ಸಿಕ್ಕಿದ್ದಕ್ಕೆ ನನಗೆ ಯಾವತ್ತೂ ಹೊಟ್ಟೆಕಿಚ್ಚು ಬಂದಿಲ್ಲ. ಆದರೆ ನನ್ನ ಹೆಸರಿರುವ ಒಂದು ಕಾಗದ ನನಗೆ ಅರ್ಥವಾಗಲ್ಲ ಅಂತ ನೀನು ಅಂದುಕೊಂಡರೆ ಮಾತ್ರ ಬರುತ್ತೆ.

ಒಮ್ಮೊಮ್ಮೆ ಅನಿಸುತ್ತೆ, ನೀವು ಲ್ಯಾಬಿನವರು ಅದನ್ನು ಗುಟ್ಟಾಗಿ ಇಡಬೇಕೋ ಏನೋ ಅಂತ. ಹಾಗಿದ್ದರೆ ಹೇಳು, ನಾನು ಯಾರಿಗೂ ತೋರಿಸಲ್ಲ. ತೋರಿಸಬೇಕಾದ್ದು ಒಬ್ಬರಿಗೆ ಮಾತ್ರ. ನಮ್ಮಲ್ಲಿ ಹಿರಿಯ ಪರೀಕ್ಷಕಿಯ ಹುದ್ದೆ ಖಾಲಿಯಾಗಿದೆ. ಏಪ್ರಿಲ್ ಕೊನೆಯೊಳಗೆ ಅರ್ಜಿ ಹಾಕಬೇಕು. "ಕೆಲಸದ ಆಚೆಗೆ ಮಾಡಿದ ಸಾಧನೆ" ಅಂತ ಅದರಲ್ಲೊಂದು ಕಾಲಂ ಇದೆ. ನಮ್ಮ ಮೇಲಧಿಕಾರಿ ತಾವಾಗಿಯೇ ಕರೆದು, "ಆ ಪಾಚಿಯ ಲೇಖನ ಲಗತ್ತಿಸಮ್ಮ, ಕೆಲಸ ಆದ ಹಾಗೇ" ಅಂದರು.

ಅವರು ಕೇಳಿದರು ಅಂತ ಜಿಡ್ಡಿ ಸಿಕ್ಕ ಕಥೆಯನ್ನು ಮತ್ತೆ ಹೇಳಿದೆ. ಎರಡೂವರೆ ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಕ್ಲೋರಿನ್ ನೋಡಲು ಐಸ್ ಫ್ಯಾಕ್ಟರಿಗೆ ಹೋಗಿದ್ದು, ಯಂತ್ರ ತಣ್ಣಗೆ ಮಾಡುವ ನೀರಿನ ತೊಟ್ಟಿಯ ಮೂಲೆಯಲ್ಲಿ ಹಸಿರು ಕೆನೆ ಕಂಡಿದ್ದು, ಬೆರಳಿಗೆ ಜಿಡ್ಡು ಹತ್ತಿದ್ದು, ಮೂಸಿದರೆ ಸೀಮೆಎಣ್ಣೆಯ ವಾಸನೆ ಬಂದಿದ್ದು. ಅವರು ಬಾಯಿಬಿಟ್ಟುಕೊಂಡು ಕೇಳಿದರು. ಬೇಗ ಕಳಿಸು.

ನಿನ್ನ ಅತ್ತಿಗೆ


ಏಪ್ರಿಲ್ ೨೪

ಮಾನ್ಯರೆ,

ತಮ್ಮಿಂದ ಐದು ವಾರಗಳಿಂದ ಉತ್ತರ ಬಾರದ ಕಾರಣ ಇಲ್ಲಿನ ಕಾಲೇಜಿನ ಗ್ರಂಥಪಾಲಕರ ನೆರವಿನಿಂದ ತಮ್ಮ ಲೇಖನವನ್ನು ತರಿಸಿಕೊಂಡು ಪರಿಶೀಲಿಸಲಾಯಿತು. ಫಲಿತಾಂಶ ಈ ಕೆಳಗಿನಂತಿದೆ.

ಎರಡನೇ ಪುಟ, ಮೂರನೇ ಸಾಲು: "ಮಾದರಿಯನ್ನು ಕೈಗಾರಿಕಾ ತೊಟ್ಟಿಯೊಂದರಿಂದ ಮೊದಲ ಲೇಖಕಿ ಸ್ವತಃ ಸಂಗ್ರಹಿಸಿದರು."

ಕೊನೆಯ ಪುಟದಲ್ಲಿ ಕೃತಜ್ಞತೆಗಳು. ಮುಖ್ಯಸ್ಥರಿಗೆ, ಗಾಜಿನ ಸಾಮಾನು ಒದಗಿಸಿದವರಿಗೆ, ವಿದ್ಯುತ್ ವಿಭಾಗಕ್ಕೆ. ಬೇರೆ ಯಾವ ಹೆಸರೂ ಪತ್ತೆಯಾಗಿಲ್ಲ.

ಫೆಬ್ರವರಿಯಲ್ಲಿ ಕಳಿಸಿದ ಮೂರು ಬಾಟಲಿಗಳು ನಮ್ಮ ಕಚೇರಿಯ ಸ್ವತ್ತು. ತೊಳೆದು ವಾಪಸ್ ಕಳಿಸತಕ್ಕದ್ದು.

ನೀರು ಪರೀಕ್ಷಕಿ


ಮೇ ೬

ಅತ್ತಿಗೆ,

ಬಾಟಲಿಗಳನ್ನು ನಿನ್ನೆಯೇ ಕಳಿಸಿದೆ. ಈ ಪತ್ರವನ್ನು ಅದರ ಜೊತೆ ಹಾಕಲು ಮನಸ್ಸಾಗಲಿಲ್ಲ. ನೀವು ಡಬ್ಬಿಯನ್ನು ಕಚೇರಿಯಲ್ಲಿ ಎಲ್ಲರ ಮುಂದೆ ತೆರೆಯುತ್ತೀರಿ ಅಂತ ಗೊತ್ತು.

ನಿಮ್ಮ ಕಾಗದವನ್ನು ಕೊಳದ ಪಕ್ಕದ ಶೆಡ್ಡಿನಲ್ಲಿ ನಿಂತು ಓದಿದೆ. ಕೂರಲು ಕುರ್ಚಿ ಇತ್ತು, ಕೂರಲಿಲ್ಲ. ನೀವು ಬೈದಿದ್ದರೆ ಒಂದು ಸಲ ಅತ್ತು ಹಗುರಾಗುತ್ತಿದ್ದೆ. ತಾವು ಅಂದಿರಲ್ಲ, ಅದನ್ನು ಎಲ್ಲಿಟ್ಟುಕೊಳ್ಳಲಿ?

ಹೇಗಾಯಿತು ಅಂತ ಹೇಳುತ್ತೇನೆ. ತಪ್ಪಿಸಿಕೊಳ್ಳಲು ಅಲ್ಲ. ನಿಮ್ಮ ಬಾಟಲಿ ಬಂದಾಗ ನಾನು ಸಂಶೋಧನೆ ಮುಗಿಸಿ ಈ ಲ್ಯಾಬಿಗೆ ಸೇರಿ ಮೂರು ವರ್ಷ ತುಂಬಿತ್ತು. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ನಾನು ಬೆಳೆಸಿದ ಪಾಚಿಗಳೆಲ್ಲ ಮೊದಲೇ ಯಾರೋ ಬೆಳೆಸಿ ಬರೆದವು. ಡಿಸೆಂಬರಿನಲ್ಲಿ ಕೆಲಸ ಮುಂದುವರಿಸುವುದೋ ಬೇಡವೋ ಅಂತ ತೀರ್ಮಾನವಾಗಬೇಕಿತ್ತು. ಅಷ್ಟರಲ್ಲಿ ಜಿಡ್ಡಿ ಎಣ್ಣೆ ಬಿಟ್ಟಳು. ಸಭೆಯಲ್ಲಿ ಎಂಟು ಜನ ಕೂತಿದ್ದರು. ನಮ್ಮ ಮುಖ್ಯಸ್ಥೆ ಮೇಡಂ ಆ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಕೇಳಿದರು.

"ಎಲ್ಲಿಂದ ಬಂತು ಇದು?"

"ಒಂದು ಐಸ್ ಫ್ಯಾಕ್ಟರಿಯ ತೊಟ್ಟಿಯಿಂದ ಮೇಡಂ."

"ಯಾರು ತಂದಿದ್ದು?"

ಅತ್ತಿಗೆ ಕಳಿಸಿದರು ಅನ್ನಬೇಕಿತ್ತು. ಅಂದರೆ ಎಲ್ಲರೂ ನಗುತ್ತಾರೆ ಅನಿಸಿತು. ಮನೆಯವರು ಬುತ್ತಿ ಕಟ್ಟಿಕೊಟ್ಟ ಹಾಗೆ ಪಾಚಿಯನ್ನೂ ಕಟ್ಟಿಕೊಟ್ಟರಾ ಅಂತ. "ನಾನೇ" ಅಂದೆ. ಅಷ್ಟೇ. ಆಮೇಲೆ ಆ ಮಾತು ನೋಂದಣಿ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ವರದಿಗೆ, ಅಲ್ಲಿಂದ ಲೇಖನಕ್ಕೆ. ಪ್ರತಿ ಸಲವೂ ಸರಿ ಮಾಡುವ ಅವಕಾಶ ಇತ್ತು. ಪ್ರತಿ ಸಲವೂ ಹಿಂದಿನ ಸಲ ಸುಳ್ಳು ಹೇಳಿದ್ದನ್ನೂ ಸೇರಿಸಿ ಹೇಳಬೇಕಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಎರಡು ಅಂಕ ನನಗೆ ಮರೆತಿಲ್ಲ. ಆ ಸೀಟು ನೀವು ಬಿಟ್ಟಿದ್ದು, ನಾನು ಗೆದ್ದಿದ್ದಲ್ಲ ಅನ್ನುವುದು ದಿನಾ ಬೆಳಿಗ್ಗೆ ಬಿಳಿ ಕೋಟು ಹಾಕಿಕೊಳ್ಳುವಾಗ ನೆನಪಾಗುತ್ತದೆ. ಇಲ್ಲಿ ಸಿಕ್ಕಿದ್ದೊಂದಾದರೂ ಪೂರ್ತಿ ನನ್ನದಾಗಿರಲಿ ಅನಿಸಿತ್ತು. ಅದೂ ನಿಮ್ಮದೇ ಆಗಿತ್ತು.

ಸೋಮವಾರ ಮೇಡಂ ಹತ್ತಿರ ಎಲ್ಲವನ್ನೂ ಹೇಳಿದೆ. "ಎಣ್ಣೆಯ ಲೆಕ್ಕವಾದರೂ ನಿಜ ತಾನೇ?" ಅಂತ ಕೇಳಿದರು. ನಿಜ ಅಂದೆ. ಅವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಆ ಪ್ರಶ್ನೆ ಕೇಳುವ ಹಾಗೆ ಮಾಡಿಕೊಂಡೆನಲ್ಲ.

ಪತ್ರಿಕೆಯವರು ತಿದ್ದುಪಡಿ ಪ್ರಕಟಿಸುತ್ತಾರೆ. ಅದಕ್ಕೊಂದು ಫಾರಂ ಇದೆ, ಜೊತೆಗಿಟ್ಟಿದ್ದೇನೆ. ಇದನ್ನು ಮೊದಲು ಗುರುತಿಸಿದವರು ಯಾರು, ಯಾವ ದಿನ, ಹೇಗೆ ಅಂತ ನಿಮ್ಮ ಕೈಯಿಂದಲೇ ಬರೆದು ಸಹಿ ಹಾಕಬೇಕು. ಹಾಕಿ ಕಳಿಸಿ. ನಿಮ್ಮ ಅರ್ಜಿಯ ದಿನ ಮುಗಿದುಹೋಗಿದ್ದರೆ ನಿಮ್ಮ ಮೇಲಧಿಕಾರಿಗೆ ನಾನೇ ಪತ್ರ ಬರೆಯುತ್ತೇನೆ.

ಪುಟ್ಟಿ


ಮೇ ೩೦

ಪುಟ್ಟಿ,

ನಿನ್ನ ಫಾರಂ ಬಂದು ಮೂರು ವಾರವಾಯಿತು. ಅದನ್ನು ಬೀರುವಿನ ಮೇಲಿಟ್ಟೆ, ಸೀರೆಗಳ ಕೆಳಗಿಟ್ಟೆ, ಮಗಳ ಹಳೇ ಪುಸ್ತಕದೊಳಗಿಟ್ಟೆ. ಮನೆಯಲ್ಲಿ ಎಲ್ಲಿಟ್ಟರೂ ಅದು ಎಲ್ಲಿದೆ ಅಂತ ನನಗೆ ಗೊತ್ತಾಗುತ್ತೆ. ನಾನಿನ್ನೂ ಸಿಟ್ಟಿನಲ್ಲಿದ್ದೇನೆ ಅಂತ ನೀನು ಅಂದುಕೊಂಡಿರಬೇಕು. ನಿನ್ನ ಪತ್ರ ಓದಿದ ದಿನವೇ ಸಿಟ್ಟೆಲ್ಲ ಇಳಿದುಹೋಯಿತು. ಸಿಟ್ಟು ಇರೋವರೆಗೆ ಚೆನ್ನಾಗಿತ್ತು.

ನಾನು ಸಹಿ ಹಾಕಲಾರೆ. ಜಿಡ್ಡಿಯನ್ನು ಮೊದಲು ಗುರುತಿಸಿದ್ದು ನಾನಲ್ಲ.

ಆ ಸೆಪ್ಟೆಂಬರಿನಲ್ಲಿ ಐಸ್ ಫ್ಯಾಕ್ಟರಿಗೆ ಹೋಗಿದ್ದು ನಿಜ. ತೊಟ್ಟಿಯ ಹತ್ತಿರ ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿಕೊಂಡು ಒಬ್ಬಾಕೆ ಉದ್ದನೆ ಬ್ರಷ್ಷಿನಿಂದ ಗೋಡೆ ಉಜ್ಜುತ್ತಿದ್ದಳು. ಆಕೆಯನ್ನು ಅಲ್ಲಿ ಎಲ್ಲರೂ ತೊಟ್ಟಿಯಮ್ಮ ಅಂತಲೇ ಕರೆಯುವುದು. ತೊಟ್ಟಿಯೆಲ್ಲ ಲಕಲಕ ಅನ್ನುತ್ತಿತ್ತು. ಒಂದು ಮೂಲೆ ಮಾತ್ರ ಎರಡು ಸಾಲು ಇಟ್ಟಿಗೆ ಅಡ್ಡ ಇಟ್ಟು, ಮೇಲೊಂದು ತಗಡು ಮುಚ್ಚಿ, ಹಾಗೇ ಬಿಟ್ಟಿತ್ತು.

"ಏನಮ್ಮ, ಈ ಮೂಲೆ ಯಾಕೆ ತೊಳೆದಿಲ್ಲ ನೀನು?" ಅಂದೆ.

"ಅದು ಕೊಳೆ ಅಲ್ಲ ಮೇಡಂ. ಮುಟ್ಟಬೇಡಿ, ಕೈಗೆ ಹತ್ತಿದ್ರೆ ಸೋಪಿಗೂ ಹೋಗಲ್ಲ. ತಡೀರಿ, ತೋರಿಸ್ತೀನಿ."

ತಗಡಿನ ಮೇಲೆ ಒಣಗಲು ಹಾಕಿದ್ದ ಒಂದು ಚೂರನ್ನು ಕಿತ್ತು ತಂದಳು. ರಬ್ಬರಿನ ಹಾಗೆ ಬಾಗುತ್ತಿತ್ತು. ಬೆಂಕಿಕಡ್ಡಿ ಗೀರಿ ಹಿಡಿದಳು. ಹಳದಿ ಜ್ವಾಲೆ, ಕರೀ ಹೊಗೆ, ಸೀಮೆಎಣ್ಣೆಯ ವಾಸನೆ.

"ನಾಲ್ಕು ವರ್ಷದಿಂದ ನಮ್ಮನೆ ಒಲೆ ಹಚ್ಚೋದು ಇದರಲ್ಲೇ," ಅಂದಳು. "ಬೇರೆ ಪಾಚಿ ಒಣಗಿಸಿದ್ರೆ ಹುಲ್ಲಿನ ಹಾಗೆ ಪುಡಿಯಾಗುತ್ತೆ. ಇದು ಮಾತ್ರ ಉರಿಯುತ್ತೆ. ಯಾಕೆ ಅಂತ ನಿಮಗೆ ಗೊತ್ತಾ?"

ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದೆವಲ್ಲ ನಾವಿಬ್ಬರೂ. ಬಾಟಲಿ ತುಂಬಿಸಿಕೊಂಡೆ. "ದೊಡ್ಡ ಲ್ಯಾಬಿಗೆ ಕಳಿಸ್ತೀನಿ" ಅಂದೆ. "ಏನಾದ್ರೂ ಗೊತ್ತಾದ್ರೆ ನನಗೂ ಹೇಳಿ ಮೇಡಂ" ಅಂದಳು. ಹೂಂ ಅಂದೆ.

ಸೈಕಲ್ ತುಳಿದುಕೊಂಡು ಕಚೇರಿಗೆ ಬರುವಷ್ಟರಲ್ಲಿ ಅದು ನನ್ನದಾಗಿಬಿಟ್ಟಿತ್ತು. ನೀನು ನೋಡು, ನಾನು ಪರೀಕ್ಷಿಸಿದ ನೀರಿನಲ್ಲಿ ಏನೂ ಇಲ್ಲ ಅಂತ ಬರೆಯುವುದೇ ನನ್ನ ಕೆಲಸ. ಏನೂ ಇಲ್ಲದಿದ್ದರೆ ಒಳ್ಳೆಯ ಫಲಿತಾಂಶ. ಹನ್ನೊಂದು ವರ್ಷದಲ್ಲಿ ಒಂದು ದಿನ ಏನೋ ಇತ್ತು. ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಇದು ಇಷ್ಟೇ ಆಗಿದ್ದರೆ ನಿನ್ನ ಹಾಗೆ ನಾನೂ ಬರೆದು ಹಗುರಾಗುತ್ತಿದ್ದೆ. ಮುಂದೆ ಯಾರೂ ಕೇಳಬಾರದು ಅಂತ, ನಾನು ಕಂಡ ದಿನಕ್ಕೆ ಸರ್ಕಾರಿ ಸಾಕ್ಷಿ ಇರಲಿ ಅಂತ, ಅವತ್ತಿನ ವರದಿಯಲ್ಲಿ ಬರೆದೆ: "ತೊಟ್ಟಿಯ ಉತ್ತರದ ಮೂಲೆಯಲ್ಲಿ ಹಸಿರು ಬೆಳವಣಿಗೆ ಕಂಡುಬಂದಿದೆ." ಬರೆದವಳು ನಾನು, ಸಹಿ ನನ್ನದು. ವರದಿ ಫ್ಯಾಕ್ಟರಿಗೆ ಹೋಯಿತು. ಹದಿನೈದು ದಿನಕ್ಕೆ ಮತ್ತೆ ಹೋದಾಗ ಆ ಮೂಲೆಯಲ್ಲಿ ಇಟ್ಟಿಗೆಯೂ ಇರಲಿಲ್ಲ, ತಗಡೂ ಇರಲಿಲ್ಲ, ಆಕೆಯೂ ಇರಲಿಲ್ಲ. ಬ್ರಷ್ ಹಿಡಿದು ನಿಂತಿದ್ದ ಇನ್ನೊಬ್ಬ ಹೆಂಗಸನ್ನು ಕೇಳಿದೆ. "ಮೂಲೆ ತೊಳೀಲಿಲ್ಲ ಅಂತ ಕೆಲಸದಿಂದ ತೆಗೆದುಹಾಕಿದ್ರು" ಅಂದಳು. ನಾನು ಕ್ಲೋರಿನ್ ನೋಡಿಕೊಂಡು ವಾಪಸ್ ಬಂದೆ.

ಅದಾದ ಮೇಲೆ ನಾನು ನಿನಗೆ ತಾವು ಅಂತ ಪತ್ರ ಬರೆದಿದ್ದೇನೆ. ಯಾವ ಹೆಸರೂ ಪತ್ತೆಯಾಗಿಲ್ಲ ಅಂತ ಬರೆದಿದ್ದೇನೆ. ಆ ಪತ್ರವನ್ನು ಹರಿದುಹಾಕು ಅಂತ ಕೇಳುವ ಮುಖವೂ ನನಗಿಲ್ಲ. ಇಟ್ಟುಕೋ.

ಅರ್ಜಿಯನ್ನು ಏಪ್ರಿಲಿನಲ್ಲೇ ಹಾಕಿದ್ದೆ, ಲೇಖನ ಆಮೇಲೆ ಲಗತ್ತಿಸುತ್ತೇನೆ ಅಂತ. ನಾಳೆ ಹೋಗಿ ವಾಪಸ್ ತೆಗೆದುಕೊಳ್ಳುತ್ತೇನೆ. ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ.

ಅತ್ತಿಗೆ


ಜೂನ್ ೯

ಲೇ,

ಈ ಪತ್ರದಲ್ಲಿ ನೀವು ಅನ್ನಲು ಆಗುತ್ತಿಲ್ಲ. ಒಂದೇ ಬೆಂಚಿನಲ್ಲಿ ಕೂತಿದ್ದವರು ನಾವು. ನೀನು ನನ್ನಣ್ಣನನ್ನು ಮದುವೆಯಾದ ಮಾರನೇ ದಿನ ಅಮ್ಮ ಗದರಿಸಿದ್ದಕ್ಕೆ ನಾನು ನಿನ್ನನ್ನು ನೀವು ಅನ್ನಲು ಶುರು ಮಾಡಿದ್ದೆ. ಇವತ್ತು ಒಂದು ದಿನ ಬಿಟ್ಟುಬಿಡು.

ನಿನ್ನ ಪತ್ರ ಓದಿ ಮೊದಲು ನನಗೇನನಿಸಿತು ಅಂತ ಹೇಳುತ್ತೇನೆ, ಅದೂ ನಾಚಿಕೆಯದೇ. ಸಮಾಧಾನವಾಯಿತು. ನನ್ನಂಥವಳು ಇನ್ನೊಬ್ಬಳಿದ್ದಾಳೆ ಅಂತ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಆ ಸಮಾಧಾನ ಇತ್ತು. ಆಮೇಲೆ ಆಕೆ ನೆನಪಾದಳು. ನಮ್ಮಿಬ್ಬರಿಗೂ ಕೆಲಸ ಇದೆ. ಕೆಲಸ ಹೋಗಿದ್ದು ಆಕೆಗೆ.

ನನ್ನನ್ನು ಜಿಡ್ಡಿಯ ಕೆಲಸದಿಂದ ತೆಗೆದಿದ್ದಾರೆ. ಈಗ ಗಾಜಿನ ಸಾಮಾನು ತೊಳೆಯುವ ಕೋಣೆಯಲ್ಲಿದ್ದೇನೆ. ದಿನಕ್ಕೆ ಇನ್ನೂರು ಫ್ಲಾಸ್ಕು. ಮೊದಲು ನನ್ನ ಕೈಕೆಳಗಿದ್ದವರು ತಂದಿಟ್ಟು ಹೋಗುತ್ತಾರೆ. ಯಾರೂ ಒರಟಾಗಿ ಮಾತಾಡಲ್ಲ, ಅದೇ ಕಷ್ಟ. ವರ್ಷದ ಕೊನೆಯವರೆಗೆ ಇರಬಹುದು ಅಂದಿದ್ದಾರೆ.

ತೊಳೆಯುತ್ತಾ ಒಂದೇ ಯೋಚನೆ. ನಾಲ್ಕು ವರ್ಷ ಅಂತ ಬರೆದಿದ್ದೀಯಲ್ಲ. ಬಿಸಿಲು, ಧೂಳು, ಹಕ್ಕಿ, ಎಲ್ಲ ಇರುವ ಬಯಲು ತೊಟ್ಟಿಯಲ್ಲಿ ನಾಲ್ಕು ವರ್ಷ. ಹತ್ತು ಜನ ಓದಿದವರು ಸೇರಿ ನಾಲ್ಕು ವಾರ ಉಳಿಸಿಕೊಳ್ಳಲಾಗದ್ದನ್ನು ಆಕೆ ಎರಡು ಸಾಲು ಇಟ್ಟಿಗೆ ಇಟ್ಟು ಉಳಿಸಿಕೊಂಡಿದ್ದಳು. ಜಿಡ್ಡಿ ಅಲ್ಲಿ ತಾನಾಗಿ ಬೆಳೆದಿರಲಿಲ್ಲ. ಆಕೆ ಸಾಕಿದ್ದಳು. ನಾನು ಮೇಡಂಗೆ ಇದನ್ನು ಹೇಳಿದೆ. "ಹಾಗಾದರೆ ಗೊತ್ತಿರೋದು ಆಕೆಗೆ" ಅಂದರು.

ಆಕೆಯನ್ನು ಹುಡುಕು. ಆದರೆ ಹೇಗೆ ಉಳಿಸಿದಿರಿ ಅಂತ ಮೊದಲೇ ಕೇಳಬೇಡ. ಕೇಳಿದರೆ ಅದನ್ನೂ ಎತ್ತಿಕೊಂಡು ಬಂದ ಹಾಗಾಗುತ್ತದೆ. ಮೊದಲು ಮಾಡಿದ್ದನ್ನು ಹೇಳು. ಆಮೇಲೆ ಆಕೆ ಏನೂ ಹೇಳದಿದ್ದರೂ ಸರಿ. ಫಾರಂ ಮಾತ್ರ ತೆಗೆದುಕೊಂಡು ಹೋಗು. ಅಣ್ಣನಿಗೂ ಹೇಳಿಬಿಡು. ಅವನಿಗೆ ಬೇರೆಯವರಿಂದ ಗೊತ್ತಾಗುವುದು ಬೇಡ.

ಪುಟ್ಟಿ


ಜುಲೈ ೧೪

ಪುಟ್ಟಿ,

ನಿಮ್ಮಣ್ಣನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ನಿನ್ನ ಬಗ್ಗೆಯೂ ಕೇಳಲಿಲ್ಲ, ನನ್ನ ಬಗ್ಗೆಯೂ ಕೇಳಲಿಲ್ಲ. "ಆ ಹೆಂಗಸಿಗೆ ಕೆಲಸ ವಾಪಸ್ ಸಿಗುತ್ತಾ?" ಅಂದ. ಮಾರನೇ ದಿನ ಐಸ್ ಫ್ಯಾಕ್ಟರಿಯ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ನಾನು ಬರೆದ ವರದಿಯಲ್ಲಿ ಆಕೆಯ ತಪ್ಪೇನೂ ಇರಲಿಲ್ಲ, ಆ ಮೂಲೆಯಿಂದ ನೀರಿಗೆ ತೊಂದರೆಯೂ ಇರಲಿಲ್ಲ ಅಂತ ಬರೆದುಕೊಟ್ಟೆ. ಆತ ಅದನ್ನು ಓದಿ ಡ್ರಾಯರಿಗೆ ಹಾಕಿಕೊಂಡ. "ಈಗ ಯಂತ್ರದಲ್ಲಿ ತೊಳೆಸ್ತೀವಿ ಮೇಡಂ, ಆ ಕೆಲಸವೇ ಇಲ್ಲ" ಅಂದ. ಆಕೆ ಎಲ್ಲಿದ್ದಾಳೆ ಅಂತ ಗೇಟಿನವನು ಹೇಳಿದ.

ಆಸ್ಪತ್ರೆಯ ಬಟ್ಟೆ ಒಗೆಯುವ ಜಾಗದಲ್ಲಿ ಸಿಕ್ಕಿದಳು. ಉದ್ದನೆಯ ಮೇಜಿನ ಮುಂದೆ ನಿಂತು ಚಾದರ ಮಡಿಸುತ್ತಿದ್ದಳು. ನನ್ನ ಗುರುತು ಹಿಡಿದಳು. "ಬಾಟಲಿ ಮೇಡಂ ಅಲ್ವಾ?" ಅಂದಳು. ಚಾದರದ ಇನ್ನೊಂದು ತುದಿ ಹಿಡಿದುಕೊಂಡೆ, ಇಬ್ಬರೂ ಮಡಿಸುತ್ತಾ ಹೋದೆವು. ನಾಲ್ಕನೆಯದೋ ಐದನೆಯದೋ ಮಡಿಸುವಾಗ ನಾಲಿಗೆ ಹೊರಳಿತು.

"ತೊಟ್ಟಿಯ ಮೂಲೆ ತೊಳೆದಿಲ್ಲ ಅಂತ ಫ್ಯಾಕ್ಟರಿಗೆ ತಿಳಿಸಿದ್ದು ನಾನು. ನೀವು ತೋರಿಸಿದ್ದನ್ನ ನಾನು ಕಂಡುಹಿಡಿದೆ ಅಂತ ಹೇಳಿಕೊಳ್ಳೋಕೆ ಬರೆದಿಟ್ಟೆ. ಅದರಿಂದ ನಿಮ್ಮ ಕೆಲಸ ಹೋಯ್ತು."

ಆಕೆಯ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ತಲೆ ತಗ್ಗಿಸಿ ನಿಂತಿದ್ದೆ. ಅದಕ್ಕೆ ತಯಾರಾಗಿಯೇ ಹೋಗಿದ್ದೆ.

"ನೀವಾ?" ಅಂದಳು. ಚಾದರ ಮೇಜಿನ ಮೇಲಿಟ್ಟು, "ನಾನು ನಮ್ಮ ಓರಗಿತ್ತಿ ಅಂದ್ಕೊಂಡಿದ್ದೆ" ಅಂದಳು.

ತೊಟ್ಟಿಯ ಇನ್ನೊಂದು ಅರ್ಧ ತೊಳೆಯುತ್ತಿದ್ದವಳು ಆಕೆಯ ಓರಗಿತ್ತಿಯಂತೆ, ಗಂಡನ ತಮ್ಮನ ಹೆಂಡತಿ. ಆ ದಿನ ನಾನು ಬ್ರಷ್ ಹಿಡಿದವಳನ್ನು ಕೇಳಿದ್ದೆನಲ್ಲ, ಅವಳೇ. ಒಬ್ಬಳನ್ನು ತೆಗೆದು ಇನ್ನೊಬ್ಬಳನ್ನು ಉಳಿಸಿಕೊಂಡಿದ್ದಕ್ಕೆ ಅವಳೇ ಚಾಡಿ ಹೇಳಿದ್ದಾಳೆ ಅಂತ ಈಕೆ ತಿಳಿದಿದ್ದಳು. ಒಂದೇ ಮನೆ, ಒಂದೇ ಅಂಗಳ. ಅಂದಿನಿಂದ ಒಲೆ ಬೇರೆ, ಬಾಗಿಲು ಬೇರೆ, ಮಾತಿಲ್ಲ. ಕಳೆದ ವರ್ಷ ಓರಗಿತ್ತಿಯ ಮಗುವಿಗೆ ಜ್ವರ ಬಂದು ಹನ್ನೆರಡು ದಿನ ಆಸ್ಪತ್ರೆಯಲ್ಲಿತ್ತಂತೆ. ಇದೇ ಆಸ್ಪತ್ರೆ. ಆ ವಾರ್ಡಿನ ಚಾದರ ಮಡಿಸಿ ಕಳಿಸಿದ್ದು ಈಕೆಯೇ. ಮೇಲೆ ಹತ್ತಿ ಹೋಗಿ ನೋಡಲಿಲ್ಲ.

ಕೈಗವಸು ತೆಗೆದಿಟ್ಟು ಮೇಲ್ವಿಚಾರಕರಿಗೆ ಹೇಳಿ ಹೊರಟಳು. ನಾನು ಅಲ್ಲೇ ನಿಂತಿದ್ದೆ. ಬಾಗಿಲ ಹತ್ತಿರ ತಿರುಗಿ, "ನೀವೂ ಬನ್ನಿ. ನಾನೊಬ್ಬಳೇ ಹೋದ್ರೆ ಅವಳು ಬಾಗಿಲು ತೆಗೆಯಲ್ಲ" ಅಂದಳು.

ಇಪ್ಪತ್ತು ನಿಮಿಷ ನಡೆದೆವು. ಮನೆಯ ಮುಂದೆ ನಿಂತು ನನ್ನನ್ನು ಮುಂದೆ ಬಿಟ್ಟಳು. ನಾನೇ ಬಾಗಿಲು ತಟ್ಟಿದೆ. ಒದ್ದೆ ಕೈ ಒರೆಸಿಕೊಳ್ಳುತ್ತಾ ಓರಗಿತ್ತಿ ಬಂದಳು. ಹಿಂದೆ ಯಾರಿದ್ದಾರೆ ಅಂತ ನೋಡಿ ಬಾಗಿಲು ಅರ್ಧ ಮುಚ್ಚಿದಳು. ಆ ಸಂದಿಯಲ್ಲೇ ಹೇಳಿದೆ. ಮೊದಲ ಸಲಕ್ಕಿಂತ ಎರಡನೇ ಸಲ ಹೇಳುವುದು ಸುಲಭ ಅಂತ ಯಾರಾದರೂ ನಿನಗೆ ಹೇಳಿದರೆ ನಂಬಬೇಡ.

ಅವಳು ನನ್ನ ಮುಖ ನೋಡಲೇ ಇಲ್ಲ. ನನ್ನ ಹೆಗಲ ಮೇಲಿಂದ ಆಕೆಯನ್ನೇ ನೋಡುತ್ತಿದ್ದಳು.

"ನಾನು ಹೇಳಿದ್ದೆನಲ್ಲಕ್ಕ," ಅಂದಳು.

"ಹೇಳಿದ್ದೆ. ನಾನು ನಂಬಲಿಲ್ಲ."

"ಮಗು ಮೇಲಾಣೆ ಮಾಡಿದ್ದೆ."

"ಹೂಂ."

ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಓರಗಿತ್ತಿ ಬಾಗಿಲು ಪೂರ್ತಿ ತೆಗೆದು ಒಳಗೆ ಹೋದಳು. ಈಕೆ ಹಿಂದೆಯೇ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೊಸ್ತಿಲ ಆಚೆ ನಿಂತಿದ್ದೆ. ಒಳಗೆ ಪಾತ್ರೆ ಇಡುವ ಸದ್ದು, ಮಗುವಿನ ದನಿ, ಕೊನೆಗೆ ಇಬ್ಬರ ಮಾತು ಕೇಳಿಸಿತು.

ಬಹಳ ಹೊತ್ತಿನ ಮೇಲೆ ತೊಟ್ಟಿಯಮ್ಮ ಹೊರಗೆ ಬಂದು, "ಆ ಬಾಟಲಿ ಏನಾಯ್ತು?" ಅಂತ ತಾನಾಗಿಯೇ ಕೇಳಿದಳು. ಹೇಳಿದೆ. ನೂರಾರು ಫ್ಲಾಸ್ಕಿನಲ್ಲಿ ಬದುಕಿದೆ, ಆದರೆ ಹೊರಗೆ ಹಾಕಿದರೆ ಬೇರೆ ಪಾಚಿ ಬಂದು ಹಾಳಾಗುತ್ತಿದೆ ಅಂತ. ಓರಗಿತ್ತಿ ಒಳಗಿನಿಂದಲೇ, "ಕೆಳಗಿನ ನೀರು ಚೆಲ್ಲಲ್ವಾ ಅವರು?" ಅಂದಳು. ಅಷ್ಟು ಹೊತ್ತಿನಲ್ಲಿ ಇಬ್ಬರೂ ನಕ್ಕಿದ್ದು ಆಗ ಮಾತ್ರ, ಅದೂ ನಿಮ್ಮ ಲ್ಯಾಬಿನ ಮೇಲೆ.

ಬರೆದುಕೋ. ಎಣ್ಣೆ ಇರುವುದರಿಂದ ಜಿಡ್ಡಿ ತೇಲುತ್ತಾಳೆ, ಪುಂಡ ಪಾಚಿ ನೀರಿನೊಳಗೆ ಇರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲೆ ತಗಡು ಮುಚ್ಚಿ, ಅಲುಗಾಡಿಸದೆ ಬಿಡಬೇಕು. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ, ಮೇಲೆ ಕೆನೆ ಕಟ್ಟಿದ ಮೇಲೆ, ಕೆಳಗಿನ ಇಟ್ಟಿಗೆ ಸರಿಸಿ ತಳದ ನೀರನ್ನೆಲ್ಲ ಬಿಟ್ಟುಬಿಡಬೇಕು. ಕೆನೆ ಉಳಿಯುತ್ತದೆ. ಹೊಸ ನೀರು ಬಿಡಬೇಕು. ಎರಡು ಸಲಕ್ಕೊಮ್ಮೆ ಕೆನೆಯಲ್ಲಿ ಅರ್ಧ ಒಲೆಗೆ, ಅರ್ಧ ವಾಪಸ್ ತೊಟ್ಟಿಗೆ. ನೀರು ಬಿಡುವ ಸರದಿ ಒಬ್ಬಳದು, ಕೆನೆ ತೆಗೆಯುವುದು ಇನ್ನೊಬ್ಬಳದು. ಇದು ಯಾರ ಉಪಾಯ ಅಂತ ಕೇಳಿದೆ. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಫಾರಂ ತುಂಬಿಸಿದ್ದೇವೆ. ಎರಡು ಹೆಸರು, ಎರಡು ಸಹಿ. ಓರಗಿತ್ತಿಯ ಸಹಿ ಗೆರೆಯಿಂದಾಚೆ ಹೋಗಿದೆ, ಅದನ್ನು ಯಾರೂ ತಿದ್ದಬಾರದು ಅಂತ ಹೇಳು. ನಿಮ್ಮ ಮೇಡಂ ಅವರಿಬ್ಬರನ್ನೂ ಕರೆಸಿಕೊಂಡು ಕೊಳದ ಕೆಲಸ ಕೊಡುವುದಾದರೆ ತಾವೇ ನೇರವಾಗಿ ಪತ್ರ ಬರೆಯಲಿ. ವಿಳಾಸ ಹಿಂದುಗಡೆ ಇದೆ. ನನ್ನ ಮೂಲಕ ಬೇಡ.

ಅವರು ನನ್ನನ್ನು ಕ್ಷಮಿಸಿದೆವು ಅನ್ನಲಿಲ್ಲ, ನಾನು ಕೇಳಲೂ ಇಲ್ಲ. ಹೊರಡುವಾಗ ತೊಟ್ಟಿಯಮ್ಮ ಗೇಟಿನವರೆಗೆ ಬಂದಳು. "ಎರಡು ವರ್ಷ ಮೇಡಂ" ಅಂದಳು. ಎರಡು ವರ್ಷ, ಹತ್ತು ತಿಂಗಳು ಅಂತ ನನಗೆ ಗೊತ್ತಿತ್ತು. ತಿದ್ದಲಿಲ್ಲ.

ಫಾರಂನ ಕೊನೆಯಲ್ಲಿ "ಇತರರ ನೆರವು" ಅಂತ ಒಂದು ಜಾಗ ಇದೆ. ಖಾಲಿ ಬಿಟ್ಟಿದ್ದೇನೆ. ನೀನೂ ಅಲ್ಲಿ ಏನೂ ತುಂಬಬೇಡ.

ನಿನ್ನ ಅತ್ತಿಗೆ